ಸತ್ತ ವೈರು ಕೀಳಿ, ಪತ್ತನಾಜೆಯ ಒಳಗೆ ಕೀಳಿ!

ಪಾಣೆಮಂಗಳೂರು, ಮೇಲ್ಕಾರ್, ಬಿ.ಸಿ.ರೋಡಿನ ವ್ಯಾಪಾರಿ ಬಂಧುಗಳೇ,

ನಿಮ್ಮ ಕಾಂಪ್ಲೆಕ್ಸಿನ ಮೆಟ್ಟಿಲ ಬಳಿ ನಿಂತು ತಲೆಯೆತ್ತಿ ನೋಡಿ. ಲ್ಯಾಂಡ್‌ಲೈನ್ ಹೋಗಿ ವರ್ಷಗಳಾದವು, ಅದರ ವೈರು ಹೋಗಿಲ್ಲ. ಹಳೆಯ ಲ್ಯಾನ್ ಕೇಬಲ್, ಟಿವಿ ಕೇಬಲ್, ಖಾಲಿ ಮಾಡಿದ ಕಚೇರಿಯ ಕ್ಯಾಮೆರಾ ವೈರು ಎಲ್ಲವೂ ಅಲ್ಲೇ. ಈಗ ಅದರ ಮೇಲೆಯೇ ಫೈಬರ್ ಎಳೆಯುತ್ತಿದ್ದಾರೆ. ಹಳೆಯದನ್ನು ಕತ್ತರಿಸಿ ಬಿಟ್ಟು ಹೋಗುವವರು ಅವರು, ಅದರಡಿ ಬದುಕುವವರು ನಾವು!

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ವಿದ್ಯುತ್ ಡಕ್ಟಿನ ಬೆಂಕಿಯ ಹೊಗೆ ಮಹಡಿ ಮಹಡಿಗೆ ಏರಿತು, ಉಸಿರು ಕಟ್ಟಿದವರು ಕಿಟಕಿಯಿಂದ ಹಾರಿದರು. "ನಮ್ಮದು ಇಂಟರ್ನೆಟ್ ವೈರು, ಅದರಲ್ಲಿ ಕರೆಂಟೇ ಇಲ್ಲ" ಎನ್ನುತ್ತಾರೆ ಮಾಲೀಕರು. ಬೈಹುಲ್ಲಿನಲ್ಲಿ ಕರೆಂಟಿದೆಯೇ ಸ್ವಾಮಿ? ವೈರಿನ ಪಿವಿಸಿ ಸುಟ್ಟರೆ ಬರುವ ಹೈಡ್ರೋಜನ್ ಕ್ಲೋರೈಡ್ ಗಂಟಲಿನ ತೇವಕ್ಕೆ ತಾಗಿ ಆಮ್ಲವಾಗುತ್ತದೆ. ಪ್ರತಿ ಮಹಡಿಯಲ್ಲೂ ಶಾಫ್ಟಿನ ತೂತು ಮುಚ್ಚಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಸತ್ತ ವೈರು ತುರುಕಿದ ತೂತನ್ನು ಮುಚ್ಚುವುದು ಹೇಗೆ?

ರಸ್ತೆಯಲ್ಲೂ ಇದೇ ಅನ್ಯಾಯ. ಕಂಬದಿಂದ ಜೋತ ಸತ್ತ ವೈರು ಗಾಳಿಮಳೆಗೆ ಮೆಸ್ಕಾಂ ಲೈನಿಗೆ ತಾಗಿದರೆ ಅದಕ್ಕೆ ಜೀವ ಬರುತ್ತದೆ. ಅಡಿಯಲ್ಲಿ ಶಾಲೆಗೆ ಹೋಗುವ ಮಕ್ಕಳು ನಡೆಯುತ್ತಾರೆ.

ಕಿತ್ತವರು ಮಾಡುವುದೇನು? ಗುಜರಿಗೆ ತೂಕಕ್ಕೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಸಿಪ್ಪೆ ಸುಲಿಯಲು ಪುರುಸೊತ್ತಿಲ್ಲದವರು ತಾಮ್ರಕ್ಕಾಗಿ ಬೆಂಕಿ ಹಚ್ಚುತ್ತಾರೆ. ತಾಮ್ರದ ಜೊತೆ ಪಿವಿಸಿ ಉರಿದರೆ ಡಯಾಕ್ಸಿನ್ ಹುಟ್ಟುತ್ತದೆ. ಆ ಬೂದಿ ಮೊದಲ ಮಳೆಗೆ ತೋಡಿಗೆ, ತೋಡಿನಿಂದ ನೇತ್ರಾವತಿಗೆ. ಕೆಳಗೆ ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿದೆ. ಗುಜರಿಯವರೇ, ನಿಮ್ಮ ಹೊಟ್ಟೆಪಾಡಿಗೆ ನಮ್ಮ ತಕರಾರಿಲ್ಲ, ಆ ಬೆಂಕಿಗೆ ಇದೆ.

"ಖರ್ಚು ಯಾರದು?" ಮಾಲೀಕರು ಬಾಡಿಗೆಯವರನ್ನು ತೋರಿಸುತ್ತಾರೆ, ಬಾಡಿಗೆಯವರು ಕೇಬಲಿನವರನ್ನು, ಕೇಬಲಿನವರು ಪುರಸಭೆಯನ್ನು. ಅಂಗಡಿಯ ಗಾಜು, ದೀಪಕ್ಕೆ ಲಕ್ಷ ಸುರಿಯುವಾಗ ಈ ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ! ವರ್ತಕ ಮುಖಂಡರೇ, ಪಾರ್ಕಿಂಗ್‌ಗಾಗಿ ಕೂಗುವ ನಿಮ್ಮ ಗಂಟಲು ಇದಕ್ಕೇಕೆ ಕಟ್ಟಿದೆ?

ಎಲ್ಲವನ್ನೂ ಎಸೆಯಿರಿ ಎನ್ನುತ್ತಿಲ್ಲ. ಕ್ಯಾಟ್-5ಇ ಕೇಬಲ್ 100 ಮೀಟರಿನೊಳಗೆ ಇವತ್ತಿಗೂ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ. ಪರೀಕ್ಷಿಸಿ, ಚೀಟಿ ಅಂಟಿಸಿ, ಬಳಸಿ. ಉಳಿದದ್ದು ಸುಡದೆ ಬಿಡಿಸುವವರ ಕೈಗೆ ಹೋಗಲಿ.

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಹಿಂದೆಯೇ ಮಳೆ. ಅಷ್ಟರೊಳಗೆ ಪುರಸಭೆ ಮಾಲೀಕರನ್ನೂ ಕೇಬಲಿನವರನ್ನೂ ಒಂದೇ ಮೇಜಿಗೆ ಕರೆಯಲಿ. ಇದನ್ನು ಕೇಳುವ ನಮ್ಮ ಮನವಿಗೆ ಸಹಿ ಹಾಕಿ, ಪಕ್ಕದ ಅಂಗಡಿಯವರಿಂದಲೂ ಹಾಕಿಸಿ.

ಪಾಣೆಮಂಗಳೂರಿನ ನಾಗರಿಕರು