ಪಂದ್ಯದ ಅಂಗಳ: ಮೂವತ್ತು ಬೇಲಿ, ಮೂರು ಆಯ್ಕೆ

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬಳಿ, ಏಂಟ್ರೀ ಮೈದಾನದಲ್ಲಿ, ಏಪ್ರಿಲ್ ತಿಂಗಳ ಒಂದು ಶನಿವಾರ ‘ಗ್ರ್ಯಾಂಡ್ ನ್ಯಾಷನಲ್’ ಪಂದ್ಯ ಜರುಗುವುದು ವಾಡಿಕೆ. ದೂರ ಸುಮಾರು 4¼ ಮೈಲಿ. ಹಾರಬೇಕಾದ ಬೇಲಿಗಳು 30. 2024ರಿಂದ ಕಣಕ್ಕಿಳಿಯುವ ಕುದುರೆಗಳು ಹೆಚ್ಚೆಂದರೆ 34. ಇವುಗಳಲ್ಲಿ ಯಾವುದನ್ನು ನೆಚ್ಚುವುದು?

ಮೊದಲು ನೋಡತಕ್ಕದ್ದು ಹೊರೆ. ಬಲಶಾಲಿಗೆ ಹೆಚ್ಚು ಭಾರ ಹೊರಿಸುವುದು ಈ ಪಂದ್ಯದ ನಿಯಮ. 1973ರಲ್ಲಿ 168 ಪೌಂಡು ಹೊತ್ತ ಕ್ರಿಸ್ಪ್ ಕೊನೆಯ ಬೇಲಿ ದಾಟಿದಾಗಲೂ ಬಹು ಮುಂದಿತ್ತು. ಗುರಿ ಸಮೀಪಿಸುವಾಗ ಕಾಲು ಸೋತು, 145 ಪೌಂಡಿನ ರೆಡ್ ರಮ್‌ಗೆ ಮುಕ್ಕಾಲು ಕುದುರೆಯುದ್ದದಲ್ಲಿ ಮಣಿಯಿತು. ಆದುದರಿಂದ, ದೂರದ ಓಟಕ್ಕೆ ದಣಿಯದ, ಹಗುರ ಹೊರೆಯ ಕುದುರೆಯೇ ಮೊದಲ ಆಯ್ಕೆ.

ಎರಡನೆಯದು, ಈ ಬೇಲಿಗಳ ಪರಿಚಯವುಳ್ಳ ಕುದುರೆ. ಮರುವರ್ಷ ರೆಡ್ ರಮ್ ತಾನೇ 168 ಪೌಂಡು ಹೊತ್ತು ಗೆದ್ದಿತು. 1977ರಲ್ಲಿ ಮೂರನೆಯ ಬಾರಿಯೂ ಗೆದ್ದಿತು.

ಮೂರನೆಯ ಆಯ್ಕೆ ದೈವದ್ದು. 1967ರಲ್ಲಿ 23ನೆಯ ಬೇಲಿಯ ಬಳಿ ಮುಂದಿನ ಕುದುರೆಗಳು ಬಿದ್ದು, ಬೆದರಿ, ದಾರಿಗಟ್ಟಿ ನಿಂತವು. ಹಿಂದುಳಿದಿದ್ದ ಫಾಯ್ನಾವನ್ ಸಂದಿಯಲ್ಲಿ ನುಸುಳಿ ಗೆದ್ದಿತು. ಅದರ ದರ ಒಂದಕ್ಕೆ ನೂರು!

ಲೆಕ್ಕ ಬಲ್ಲವನೂ ಇಲ್ಲಿ ಎಡವುತ್ತಾನೆ. ಮನೆಯ ಅಕ್ಕಿಬೇಳೆಯ ಹಣಕ್ಕೆ ಬೇಲಿ ಹಾರುವುದನ್ನು ಕಲಿಸದಿರುವುದೇ ಜಾಣತನ.