ಬೆಲೆಗೆ ಬೈಯಿರಿ, ಡಿಸ್ಕ್ ಬಿಡಬೇಡಿ

ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990. 2022ರ ನವೆಂಬರಿನಲ್ಲಿ ಎರಡಕ್ಕೂ ಐದೈದು ಸಾವಿರ ಏರಿತು. ಹಳತಾದಂತೆ ಕನ್ಸೋಲ್ ಅಗ್ಗವಾಗುತ್ತದೆಂದು ಕಾದವರಿಗೆ ನಿರಾಸೆ. ಹಣದುಬ್ಬರ, ಕರೆನ್ಸಿ ಏರುಪೇರು ಎಂದು ಆ ವರ್ಷ ಹಲವು ದೇಶಗಳಲ್ಲಿ ಬೆಲೆ ಏರಿಸಿದ ಸೋನಿಯೇ, 499 ಡಾಲರಿನ ಮಾದರಿಯನ್ನು ಈಗ ನಷ್ಟಕ್ಕೆ ಮಾರುತ್ತಿಲ್ಲ ಎಂದು 2021ರ ಆಗಸ್ಟಿನಲ್ಲಿ ಹೇಳಿತ್ತು. ನಮ್ಮ ಸರ್ಕಾರವೇನೂ ಸಾಚಾ ಅಲ್ಲ: 2017ರಲ್ಲಿ ಜಿಎಸ್‌ಟಿ ಬಂದಾಗ ಕನ್ಸೋಲ್‌ಗಳನ್ನು ಶೇ 28ರ ಪಟ್ಟಿಗೆ ತಳ್ಳಿತ್ತು.

ಆದರೆ ಬೆಲೆಯ ಚೀಟಿಗಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬರುತ್ತಿದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಡಿಸ್ಕ್‌ಗೆ ಜಾಗವೇ ಇಲ್ಲ. 2024ರಲ್ಲಿ 700 ಡಾಲರಿಗೆ ಬಂದ ಪಿಎಸ್5 ಪ್ರೊಗೆ ಡಿಸ್ಕ್ ಡ್ರೈವ್ ಬೇಕೆಂದರೆ ಪ್ರತ್ಯೇಕ ದುಡ್ಡು. ಕಂಪನಿಗಳು ಹೋಗುತ್ತಿರುವ ದಾರಿ ಇದು.

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆಯ ಮಧ್ಯಮ ವರ್ಗದ ಮನೆಗಳಿಗೆ ಈ ದಾರಿ ದುಬಾರಿ. ಲೆಕ್ಕ ಹಾಕಿ. ಪಿಎಸ್5 ಬಂದಾಗ ಅದರ ಹೊಸ ದೊಡ್ಡ ಆಟವೊಂದಕ್ಕೆ 4,999 ರೂಪಾಯಿ. ಆಗ ಡಿಜಿಟಲ್ ಮಾದರಿ ಕೊಂಡವರಿಗೆ ಮೊದಲ ದಿನ ಹತ್ತು ಸಾವಿರ ಉಳಿಯಿತು, ಸರಿ. ಡಿಸ್ಕ್ ಕೊಂಡವರು ಆಡಿ ಮುಗಿಸಿ ಅರ್ಧ ಬೆಲೆಗೆ ಮಾರಿದರೂ ನಾಲ್ಕೇ ಆಟಗಳಲ್ಲಿ ಆ ಹತ್ತು ಸಾವಿರ ವಾಪಸ್. ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕ ಕೊಟ್ಟು ಮುಂದಿನ ವರ್ಷದ್ದನ್ನು ತಂದು ಓದಿದ ಊರಿಗೆ ಈ ಅರ್ಥಶಾಸ್ತ್ರವನ್ನು ಬಿಡಿಸಿ ಹೇಳಬೇಕಿಲ್ಲ.

ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ನಕಲಿ ಡಿಸ್ಕ್‌ಗಳೂ ಬಿಕರಿಯಾಗಿವೆ, ಅಲ್ಲಗಳೆಯುವುದಿಲ್ಲ. ಆದರೆ ಕಾಸು ಕೊಟ್ಟು ಕೊಂಡ ಅಸಲಿ ಡಿಸ್ಕ್ ಅನ್ನು ಮಾರುವುದು, ಗೆಳೆಯನಿಗೆ ಕೊಡುವುದು ಕಳ್ಳತನವಲ್ಲ. ಡೌನ್‌ಲೋಡ್ ಮಾಡಿದ ಆಟವನ್ನು ಹಾಗೆ ಮಾರುವಂತಿಲ್ಲ. ಚೌಕಾಸಿಗೆ ಎರಡನೇ ಅಂಗಡಿಯೂ ಇಲ್ಲ. ಕಂಪನಿಯದೇ ಆನ್‌ಲೈನ್ ಮಳಿಗೆ, ಅದು ಹೇಳಿದ್ದೇ ರೇಟು.

ಡೌನ್‌ಲೋಡ್‌ನಲ್ಲಿ ಕೊಳ್ಳುವವರಿಗೆ ಸಿಗುವುದು ಬಳಕೆಯ ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ಹೇಳಲೇಬೇಕೆಂಬ ಕಾನೂನು 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿದೆ. ನಮ್ಮ ಗ್ರಾಹಕ ವ್ಯವಹಾರಗಳ ಸಚಿವಾಲಯ ಅಷ್ಟಕ್ಕೇ ನಿಲ್ಲಬಾರದು. ಡೌನ್‌ಲೋಡ್ ಆಟವನ್ನೂ ಮತ್ತೊಬ್ಬರಿಗೆ ವರ್ಗಾಯಿಸುವ ಹಕ್ಕು ಕೊಡಿಸಲಿ. ಅಲ್ಲಿಯವರೆಗೆ ಗ್ರಾಹಕರ ಕೈಯಲ್ಲಿರುವ ಅಸ್ತ್ರ ಒಂದೇ: ಡ್ರೈವ್ ಇಲ್ಲದ ಕನ್ಸೋಲ್ ಎಷ್ಟೇ ಅಗ್ಗವಾಗಿ ಕಂಡರೂ ಅಂಗಡಿಯಲ್ಲೇ ಬಿಟ್ಟು ಬರುವುದು.