ಅಟ್ಟ ಇಳಿಸುವ ಕಾಲ

ಮಲೆನಾಡಿನ ದೊಡ್ಡ ಮನೆಗಳಲ್ಲಿ ಇಂದು ಮನುಷ್ಯರಿಗಿಂತ ವಸ್ತುಗಳದೇ ವಾಸ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಉಳಿದವರು ಇಬ್ಬರು ವೃದ್ಧರು. ಅಟ್ಟದ ಮೇಲೆ ಮಾತ್ರ ಮೂರು ತಲೆಮಾರು ಹಾಗೆಯೇ ಕುಳಿತಿದೆ: ಸಮಾರಾಧನೆಗೆಂದು ಕೊಂಡ ತಾಮ್ರದ ಹಂಡೆ, ಕೊಪ್ಪರಿಗೆ, ಹಲಸಿನ ಮರದ ಮರಿಗೆ, ಮದುವೆ-ಉಪನಯನಗಳಲ್ಲಿ ಬಂದು ಒಮ್ಮೆಯೂ ಒಲೆ ಕಾಣದ ಸ್ಟೀಲ್ ಪಾತ್ರೆಗಳು, ಕೆಟ್ಟ ಟೀವಿ, ಇನ್ವರ್ಟರಿನ ಸತ್ತ ಬ್ಯಾಟರಿ.

ಇವನ್ನು ಹಂಚುವ ಕೆಲಸವನ್ನು ನಾವು ಸಾವಿನ ನಂತರಕ್ಕೆ ಬಿಟ್ಟಿದ್ದೇವೆ. ನಮ್ಮಲ್ಲಿ ಹಲವರ ಅಪರಕ್ರಿಯೆಯಲ್ಲಿ ಗೋವಿನಿಂದ ಹಿಡಿದು ಎಳ್ಳು, ಬೆಲ್ಲ, ಉಪ್ಪಿನವರೆಗೆ ದಶದಾನವುಂಟು. ಆದರೆ ಕೊಡುವ ಕೈ ಮಕ್ಕಳದು. ಯಾವ ವಸ್ತು ಯಾರಿಗೆ ಒದಗೀತೆಂದು ಬಲ್ಲವರು ಅಷ್ಟರಲ್ಲಿ ಇಲ್ಲವಾಗಿರುತ್ತಾರೆ. ಹದಿಮೂರನೆಯ ದಿನ ಕಳೆದು ನಗರಕ್ಕೆ ಮರಳುವ ಅವಸರದ ಮಗನಿಗೆ ಹಂಡೆಯೂ ಒಂದೇ, ಡಬ್ಬಿಯೂ ಒಂದೇ. ಗುಜರಿಯವನು ಎಲ್ಲವನ್ನೂ ತಕ್ಕಡಿಗೆ ಹಾಕುತ್ತಾನೆ. ಅವನೂ ಬೇಡವೆಂದದ್ದು ಹಳ್ಳದ ದಂಡೆಗೆ ಬೀಳುತ್ತದೆ; ಮುಂಗಾರು ಬಂದೊಡನೆ ಅದು ಕೆಳಗಿನ ಊರಿನವರ ಪಾಲು.

ಆದುದರಿಂದ ಅರವತ್ತು ದಾಟಿದವರು ಕಣ್ಣು-ನೆನಪು ಚುರುಕಾಗಿರುವಾಗಲೇ, ಹುಡುಗರನ್ನು ಏಣಿ ಹತ್ತಿಸಿ, ಅಟ್ಟ ಇಳಿಸಬೇಕೆಂಬುದು ನನ್ನ ಅಭಿಪ್ರಾಯ. ಹರಿದ ಸೀರೆಯನ್ನು ತೋಟದ ಕೆಲಸಕ್ಕೆ ಬರುವವರ ಕೈಗಿತ್ತು ದಾನವೆನ್ನುವುದು ಬೇಡ. ನಮ್ಮ ಅಟ್ಟ ಬರಿದಾಗಿ ಇನ್ನೊಬ್ಬರ ಅಟ್ಟ ತುಂಬಿದರೆ ಸಾಧಿಸಿದ್ದೇನು? ಅದರ ಬದಲು ಹತ್ತು ಮನೆಯ ತಟ್ಟೆ, ಲೋಟ, ಕೊಪ್ಪರಿಗೆಗಳು ಊರಿನ ದೇವಸ್ಥಾನದಲ್ಲೋ ಯುವಕ ಸಂಘದಲ್ಲೋ ಒಟ್ಟುಗೂಡಲಿ. ಯಾರ ಮನೆಯ ಕಾರ್ಯಕ್ಕಾದರೂ ಒಯ್ದು, ತೊಳೆದು ಮರಳಿಸಲಿ. ಪ್ಲಾಸ್ಟಿಕ್ ತಟ್ಟೆ-ಲೋಟಗಳಿಗೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಿದೆ. ನಮ್ಮ ಸಮಾರಂಭಗಳ ಹಿತ್ತಿಲನ್ನು ನೋಡಿದವರಿಗೆ ಹಾಗೆನ್ನಿಸುವುದಿಲ್ಲ!

ತಾಡೋಲೆ, ಕಡತಗಳ ದಾರಿ ಬೇರೆ. ತಂಜಾವೂರು ಸೀಮೆಯ ಪಂಡಿತರೊಬ್ಬರು 1905ರಲ್ಲಿ ತಮ್ಮಲ್ಲಿದ್ದ ಓಲೆಗರಿಯ ಕಟ್ಟೊಂದನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿದರು. ಎಲ್ಲರ ಅಟ್ಟದಲ್ಲೂ ಅರ್ಥಶಾಸ್ತ್ರವಿರದು, ನಿಜ; ಆದರೆ ಹಳೆಯ ಲೆಕ್ಕದ ಕಡತವೂ ನಾಡಿನ ಬೆಳೆ-ಬೆಲೆಗಳ ಚರಿತ್ರೆಯೇ. ನಮಗೆ ಹತ್ತಿರದಲ್ಲಿ ಕೆಳದಿಯ ವಸ್ತುಸಂಗ್ರಹಾಲಯವಿದೆ.

ಯಾರಿಗೂ ಕೊಡಬಾರದವೂ ಇವೆ. ಸುಪ್ರೀಂ ಕೋರ್ಟು 2011ರಲ್ಲಿ ತಡೆದ ಎಂಡೋಸಲ್ಫಾನಿನ ಅರೆಬರೆ ಸೀಸೆ ಎಷ್ಟೋ ಮನೆಗಳ ಮೂಲೆಯಲ್ಲಿ ಇನ್ನೂ ಇದ್ದೀತು. ಅದನ್ನು ಸುಡಬೇಡಿ, ಹೂಳಬೇಡಿ, ತೋಟದ ಕಾಲುವೆಗೆ ಸುರಿಯಬೇಡಿ. ಮುಚ್ಚಳ ಬಿಗಿದು, ಮಕ್ಕಳಿಗೆ ಎಟುಕದಂತಿರಿಸಿ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬ್ಯಾಟರಿ ಮಾರಿದ ಅಂಗಡಿಗೇ ಮರಳಲಿ.

ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ರಜೆಗೆ ಬಂದಾಗ ಅಜ್ಜಿಯ ಬಳಿ ಕುಳಿತು, ಅಟ್ಟದಿಂದ ಇಳಿದ ಪ್ರತಿಯೊಂದು ವಸ್ತುವಿನ ಹೆಸರು, ಬಳಕೆ, ಮಾಡಿದ ಮರ, ಮಾಡಿದವರು, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ವಸ್ತು ಅನಂತರ ಹೊರಡಲಿ.